ಬೇಡ ಅಂದ ಮಗುವಿನ ಮಾತು ಕೇಳೋರು ಯಾರು?

ಮಕ್ಕಳ ಮೇಲೆ ದೌರ್ಜನ್ಯ ನಡೆದ ಸುದ್ದಿ ಪ್ರಸಾರವಾದ ರಾತ್ರಿ ನಮ್ಮ ಸ್ಟುಡಿಯೋಗೆ ಬರೋ ಫೋನ್ ಕರೆಗಳಲ್ಲಿ ಎರಡು ಮಾತು ಇದ್ದೇ ಇರುತ್ತವೆ. ಒಂದು, "ಅವನನ್ನ ಗಲ್ಲಿಗೆ ಹಾಕಿ ಸಾರ್." ಇನ್ನೊಂದು, "ಶಾಲೇಲಿ ಗುಡ್ ಟಚ್ ಬ್ಯಾಡ್ ಟಚ್ ಹೇಳಿಕೊಟ್ಟಿರಲಿಲ್ವಾ?"

ಮೊದಲನೇದಕ್ಕೆ ಉತ್ತರ ಚಿಕ್ಕದು. 2019ರಲ್ಲಿ ಪೋಕ್ಸೋ ಕಾಯ್ದೆಗೆ ತಿದ್ದುಪಡಿ ತಂದರು. ಮಕ್ಕಳ ಮೇಲಿನ ತೀರಾ ಗಂಭೀರ ಸ್ವರೂಪದ ಲೈಂಗಿಕ ದಾಳಿಗೆ ಮರಣದಂಡನೆಯವರೆಗೂ ಶಿಕ್ಷೆ ಕೊಡಬಹುದು ಅಂತ ಅದರಲ್ಲೇ ಬರೆದಿದೆ. ಅಂದರೆ ಗಲ್ಲು ಕಾನೂನಿನ ಪುಸ್ತಕದಲ್ಲಿ ಇದೆ. ಆದರೂ ಆ ಫೋನ್ ಕರೆಗಳು ನಿಂತಿಲ್ಲ. ಆ ಚರ್ಚೆ ಇವತ್ತು ಬೇಡ.

ನನಗೆ ಮಾತಾಡಬೇಕು ಅನ್ನಿಸಿದ್ದು ಎರಡನೇ ಪ್ರಶ್ನೆ ಬಗ್ಗೆ. ಕೇಳೋರು ಒಳ್ಳೆ ಮನಸ್ಸಿನಿಂದಲೇ ಕೇಳ್ತಾರೆ. ಆದರೆ ಆ ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು ಮಾತಿದೆ. ಹೇಳಿಕೊಟ್ಟಿದ್ದರೆ ಮಗು ತಪ್ಪಿಸಿಕೊಳ್ತಿತ್ತು, ಕೂಗ್ತಿತ್ತು, ಓಡಿಬರ್ತಿತ್ತು ಅನ್ನೋ ನಂಬಿಕೆ. ನಲವತ್ತು ವರ್ಷದ ಗಂಡಸಿನಿಂದ ತನ್ನನ್ನ ಕಾಪಾಡಿಕೊಳ್ಳೋ ಜವಾಬ್ದಾರಿಯನ್ನ ಆರು ವರ್ಷದ ಕೂಸಿನ ಹೆಗಲಿಗೆ ಹಾಕಿಬಿಟ್ಟಿದ್ದೀವಿ, ಅದೂ ಸ್ಕೂಲ್ ಬ್ಯಾಗ್ ಜೊತೆಗೆ.

ಶಾಲೆಯಲ್ಲಿ ಈ ಪಾಠ ಬೇಕೋ ಬೇಡವೋ? ಬೇಕು. ಖಂಡಿತ ಬೇಕು. ಆದರೆ ಏನು ಪಾಠ, ಯಾರಿಗೆ ಪಾಠ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡಬೇಕು.

ಈಗ ಬಹಳ ಶಾಲೆಗಳಲ್ಲಿ ನಡೆಯೋದು ಏನು? ವರ್ಷಕ್ಕೊಂದು ಸಲ ಹೊರಗಿನಿಂದ ಯಾರೋ ಮೇಡಂ ಬರ್ತಾರೆ. ಒಂದು ಚಾರ್ಟ್, ಒಂದು ಹುಡುಗಿ ಒಂದು ಹುಡುಗನ ಚಿತ್ರ, ಮೈಮೇಲೆ ಅಲ್ಲಲ್ಲಿ ಕೆಂಪು ಬಣ್ಣ. ಅಮ್ಮ ಅಪ್ಪಿಕೊಂಡರೆ ಗುಡ್ ಟಚ್, ಇಲ್ಲಿ ಮುಟ್ಟಿದರೆ ಬ್ಯಾಡ್ ಟಚ್. "ಬ್ಯಾಡ್ ಟಚ್ ಮಾಡಿದ್ರೆ ಏನ್ ಮಾಡ್ತೀರಾ?" "ನೋ ಅಂತೀವಿ ಮಿಸ್!" ಮಕ್ಕಳು ಒಂದೇ ಸ್ವರದಲ್ಲಿ ಕೂಗ್ತಾರೆ, ಫೋಟೋ ತೆಗೀತಾರೆ, ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕ್ತಾರೆ. ಮುಗೀತು. ಮುಂದಿನ ವರ್ಷ ಮತ್ತೆ.

ಏನೂ ಇಲ್ಲದ್ದಕ್ಕಿಂತ ಇದು ವಾಸಿ. ಆದರೆ ಈ ಒಳ್ಳೇದು ಕೆಟ್ಟದ್ದು ಅನ್ನೋ ಪದಗಳಲ್ಲೇ ಒಂದು ತೊಡಕಿದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡೋರು ಬಹಳ ಕಾಲದಿಂದ ಅದನ್ನ ಹೇಳ್ತಾ ಬಂದಿದ್ದಾರೆ. ಚಿಕ್ಕ ಮಗುವಿಗೆ ಕೆಟ್ಟದ್ದು ಅಂದರೆ ನೋವಾಗೋದು. ಇಂಜೆಕ್ಷನ್ ನೋವಾಗುತ್ತೆ, ಹಾಗಾದರೆ ಡಾಕ್ಟರ್ ಮಾಡಿದ್ದು ಬ್ಯಾಡ್ ಟಚ್ಚಾ? ಇನ್ನೊಂದು ಕಡೆ, ದುರುದ್ದೇಶ ಇರೋನು ಮೊದಲ ದಿನವೇ ನೋವು ಮಾಡೋದಿಲ್ಲ. ತಲೆ ಸವರ್ತಾನೆ, ಮಡಿಲಲ್ಲಿ ಕೂರಿಸಿಕೊಳ್ತಾನೆ, ಕಚಗುಳಿ ಇಡ್ತಾನೆ. ಮಗುವಿಗೆ ಅದು ಕೆಟ್ಟದ್ದು ಅನ್ನಿಸೋದೇ ಇಲ್ಲ. ಎಷ್ಟೋ ಸಲ ಖುಷಿಯಾಗಿಯೂ ಇರುತ್ತೆ. ಆಮೇಲೆ ಒಂದು ದಿನ ಗೆರೆ ದಾಟಿದಾಗ ಮಗು ಅಂದುಕೊಳ್ಳೋದು, ಇಷ್ಟು ದಿನ ಸುಮ್ಮನಿದ್ದೆನಲ್ಲ, ಹಾಗಾದರೆ ನಾನೂ ಕೆಟ್ಟವಳೇ ಅಂತ. ಅದಕ್ಕೇ ಈಗ ಸುರಕ್ಷಿತ ಸ್ಪರ್ಶ, ಅಸುರಕ್ಷಿತ ಸ್ಪರ್ಶ ಅಂತ ಹೇಳೋದು ಸರಿ ಅನ್ನೋ ತಿಳಿವಳಿಕೆ ಬಂದಿದೆ. ಅನ್ನಿಸಿಕೆ ಬದಲು ನಿಯಮ ಹೇಳಿಕೊಡಿ ಅಂತಾರೆ. ನಿಯಮ ಸರಳ: ಚಡ್ಡಿ ಬನಿಯನ್ ಮುಚ್ಚೋ ಭಾಗ ನಿನ್ನದು. ಸ್ನಾನ ಮಾಡಿಸೋವಾಗ, ತೊಳೆಯೋವಾಗ, ಅಪ್ಪ ಅಮ್ಮ ಇದ್ದಾಗ ಡಾಕ್ಟರ್ ನೋಡೋವಾಗ ಬಿಟ್ಟು ಅದನ್ನ ಯಾರೂ ಮುಟ್ಟೋ ಹಾಗಿಲ್ಲ, ನೋಡೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ. ಅವರದ್ದನ್ನ ನಿನ್ನ ಕೈಲಿ ಮುಟ್ಟಿಸೋ ಹಾಗೂ ಇಲ್ಲ. ಬಟ್ಟೆ ಮೇಲಿಂದ ಮುಟ್ಟಿದರೂ ಮುಟ್ಟಿದ್ದೇ.

ಬಟ್ಟೆ ಮೇಲಿಂದ ಅಂದೆನಲ್ಲ, ಅದರ ಮೇಲೆ ನಮ್ಮ ದೇಶದಲ್ಲಿ ದೊಡ್ಡ ಗಲಾಟೆಯೇ ಆಗಿದೆ. ಸೀಬೆಹಣ್ಣು ಕೊಡ್ತೀನಿ ಬಾ ಅಂತ ಹನ್ನೆರಡು ವರ್ಷದ ಹುಡುಗಿಯನ್ನ ಒಬ್ಬ ಮನೆಗೆ ಕರೆದುಕೊಂಡು ಹೋದ ಪ್ರಕರಣ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಚರ್ಮಕ್ಕೆ ಚರ್ಮ ತಾಗಿಲ್ಲ, ಹಾಗಾಗಿ ಪೋಕ್ಸೋ ಪ್ರಕಾರ ಅದು ಲೈಂಗಿಕ ದೌರ್ಜನ್ಯ ಆಗೋದಿಲ್ಲ ಅಂತ ಹೇಳಿಬಿಟ್ಟಿತು. ದೇಶವೆಲ್ಲ ಬೆಚ್ಚಿತು. ಅದೇ ವರ್ಷ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನ ರದ್ದು ಮಾಡಿ, ನೋಡಬೇಕಾದ್ದು ಮುಟ್ಟಿದವನ ಉದ್ದೇಶವನ್ನ ಅಂತ ಸ್ಪಷ್ಟಪಡಿಸಿತು. ಆ ಸೀಬೆಹಣ್ಣನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಅಲ್ಲಿಗೆ ಮತ್ತೆ ಬರ್ತೀನಿ.

ನಮ್ಮ ಪಾಠದ ಎರಡನೇ ತೊಡಕು ಅಪರಿಚಿತರದ್ದು. "ಗುರುತಿಲ್ಲದವರು ಚಾಕೊಲೇಟ್ ಕೊಟ್ಟರೆ ತಗೋಬೇಡ" ಅಂತ ಎಲ್ಲರ ಮನೇಲೂ ಹೇಳ್ತೀವಿ. ಹೇಳಬೇಕು. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನ ತೆಗೆದು ನೋಡಿ. ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ. ಮನೆಯವರು, ನೆಂಟರು, ಅಕ್ಕಪಕ್ಕದವರು, ಕುಟುಂಬದ ಸ್ನೇಹಿತರು, ಪಾಠ ಹೇಳೋರು, ವ್ಯಾನ್ ಓಡಿಸೋರು. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ. ನಾವು ಮಗುವಿಗೆ ಗೇಟಿನ ಆಚೆ ಇರೋ ಕಳ್ಳನನ್ನ ತೋರಿಸ್ತಾ ಇದ್ದೀವಿ, ಅವನು ಒಳಗೆ ಸೋಫಾ ಮೇಲೆ ಕೂತು ಕಾಫಿ ಕುಡೀತಾ ಇರ್ತಾನೆ.

ಇಂಥವರು ಹೇಗೆ ಕೆಲಸ ಮಾಡ್ತಾರೆ ಅನ್ನೋದು ಪೋಷಕರಿಗೆ ಗೊತ್ತಿರಬೇಕು. ಮೊದಲು ಅವರು ಗೆಲ್ಲೋದು ಮಗುವನ್ನಲ್ಲ, ಮನೆಯವರನ್ನ. "ನೀವು ಕೆಲಸಕ್ಕೆ ಹೋಗಿ ಬನ್ನಿ ಅಕ್ಕ, ಪಾಪುನ ನಾನು ನೋಡ್ಕೋತೀನಿ." ಟ್ಯೂಷನ್ನಿಗೆ ದುಡ್ಡು ತಗೊಳ್ಳಲ್ಲ, ಕಷ್ಟಕ್ಕೆ ಆಗ್ತಾರೆ. ಆಮೇಲೆ ಮಗುವಿಗೆ ಸಣ್ಣಪುಟ್ಟ ಕೊಡುಗೆ. ಸೀಬೆಹಣ್ಣು, ಪೆನ್ಸಿಲ್, ಹತ್ತು ನಿಮಿಷ ಮೊಬೈಲ್ ಗೇಮ್. ಆಮೇಲೆ ಒಂದು ಸಣ್ಣ ಗುಟ್ಟು: "ಐಸ್‌ಕ್ರೀಂ ಕೊಡಿಸಿದ್ದು ಅಮ್ಮಂಗೆ ಹೇಳ್ಬೇಡ, ಬೈತಾರೆ." ಇದು ಪರೀಕ್ಷೆ. ಮಗು ಆ ಗುಟ್ಟನ್ನ ಇಟ್ಟುಕೊಳ್ತು ಅಂದರೆ ದೊಡ್ಡ ಗುಟ್ಟನ್ನೂ ಇಟ್ಟುಕೊಳ್ಳುತ್ತೆ ಅಂತ ಅವನಿಗೆ ಗೊತ್ತಾಗುತ್ತೆ. ಗೆರೆ ದಾಟೋದು ಆಮೇಲೆ. ಅಷ್ಟು ಹೊತ್ತಿಗೆ ಮಗು ಐಸ್‌ಕ್ರೀಮಿನ ಸುಳ್ಳಲ್ಲಿ ಪಾಲುದಾರ ಆಗಿಬಿಟ್ಟಿರುತ್ತೆ, ಬಾಯಿ ಬಿಟ್ಟರೆ ಬೈಗುಳ ತನಗೇ ಅನ್ನೋ ಭಯ.

ಹಾಗಾಗಿ ಶಾಲೆಯಲ್ಲಿ, ಮನೆಯಲ್ಲಿ ಕಲಿಸಬೇಕಾದ ಒಂದು ದೊಡ್ಡ ಪಾಠ ಸ್ಪರ್ಶದ್ದಲ್ಲ, ಗುಟ್ಟಿನದ್ದು. ಅಜ್ಜಿ ಹುಟ್ಟುಹಬ್ಬಕ್ಕೆ ಸೀರೆ ತಂದಿಟ್ಟಿದ್ದೀವಿ, ಹೇಳಬೇಡ ಅನ್ನೋದು ಬೇರೆ. ನಾಳೆ ಅದು ಎಲ್ಲರಿಗೂ ಗೊತ್ತಾಗುತ್ತೆ, ಎಲ್ಲರೂ ನಗ್ತಾರೆ. ಆದರೆ ದೊಡ್ಡವರೊಬ್ಬರು "ಇದು ನಮ್ಮಿಬ್ಬರಲ್ಲೇ ಇರಲಿ, ಅಪ್ಪ ಅಮ್ಮಂಗೆ ಯಾವತ್ತೂ ಹೇಳಬೇಡ" ಅಂದರೆ, ಅದನ್ನ ಅವತ್ತೇ ಹೇಳಬೇಕು. ಮೈ ಮುಟ್ಟೋ ವಿಷಯದಲ್ಲಿ ಗುಟ್ಟು ಅನ್ನೋದೇ ಇಲ್ಲ. ಇದನ್ನ ಯುಕೆಜಿ ಮಗುವಿಗೂ ಅರ್ಥ ಮಾಡಿಸಬಹುದು, ಕೆಂಪು ಬಣ್ಣದ ಚಾರ್ಟ್ ಕೂಡ ಬೇಕಾಗಿಲ್ಲ.

ಇನ್ನು ಹೆಸರುಗಳ ವಿಷಯ. ಕಣ್ಣು, ಮೂಗು, ಕಿವಿ ಅಂತ ಒಂದೂವರೆ ವರ್ಷಕ್ಕೇ ಮಗುವಿಗೆ ತೋರಿಸಿ ತೋರಿಸಿ ಹೇಳಿಕೊಡ್ತೀವಿ. ಹೊಟ್ಟೆವರೆಗೆ ಬಂದು ಅಲ್ಲಿಂದ ಸೀದಾ ಮೊಣಕಾಲಿಗೆ ಜಿಗೀತೀವಿ. ಮಧ್ಯದಲ್ಲಿ ಏನಿದೆ? "ಶೇಮ್ ಶೇಮ್." "ಛೀ." "ಅದು." ಒಂದೊಂದು ಮನೇಲಿ ಒಂದೊಂದು ಹೆಸರು, ಹಕ್ಕಿ ಹೂವು ತಿಂಡಿ ತರಕಾರಿ ಎಲ್ಲ ಬಂದುಹೋಗುತ್ತೆ. ಕೇಳೋಕೆ ಮುದ್ದಾಗಿರುತ್ತೆ, ಒಪ್ಪಿದೆ. ಈಗ ಒಂದು ಮಗು ಟೀಚರ್ ಹತ್ತಿರ ಬಂದು "ಮಿಸ್, ಅಂಕಲ್ ನನ್ನ ಬಿಸ್ಕೆಟ್ ಮುಟ್ಟಿದ್ರು" ಅನ್ನುತ್ತೆ ಅಂದುಕೊಳ್ಳಿ. ಮಿಸ್ ಏನಂತಾರೆ? "ಇರ್ಲಿ ಬಿಡು, ನಾಳೆ ಬೇರೆ ಬಿಸ್ಕೆಟ್ ತರೋಣ." ಮಗು ಹೇಳಿತ್ತು. ಕೇಳಿಸಿಕೊಂಡವರಿಗೆ ಭಾಷೆ ಗೊತ್ತಿರಲಿಲ್ಲ. ನಾಳೆ ಪೊಲೀಸರ ಮುಂದೆ, ನ್ಯಾಯಾಧೀಶರ ಮುಂದೆ ಇದೇ ಮಗು ಹೇಳಿಕೆ ಕೊಡಬೇಕಾಗಿ ಬಂದರೆ ಪದವೇ ಇಲ್ಲದೆ ಏನು ಹೇಳಬೇಕು?

ಮೈಯ ಒಂದು ಭಾಗಕ್ಕೆ ನಾಚಿಕೆ ಅಂತಲೇ ಹೆಸರಿಟ್ಟಮೇಲೆ ಅಲ್ಲಿ ಏನಾದರೂ ಆದರೆ ಮಗು ನಾಚಿಕೊಂಡು ಸುಮ್ಮನಿರುತ್ತೆ, ಅಷ್ಟೇ. ಶಿಶ್ನ, ಯೋನಿ ಅನ್ನೋ ಪದಗಳು ಬಾಯಿಗೆ ಬರೋಲ್ಲ ಅಂದರೆ ಮನೇಲಿ ಬಳಸೋ ಯಾವುದೋ ಪದ ಇರಲಿ, ಆದರೆ ಅದು ಶಾಲೆಯ ಟೀಚರ್‌ಗೂ ಡಾಕ್ಟರ್‌ಗೂ ತಿಳಿಯೋ ಹಾಗಿರಲಿ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ "ಇದನ್ನ ಮನೇಲಿ ಓದ್ಕೊಳ್ಳಿ" ಅಂತ ಪುಟ ಹಾರಿಸಿದ ಮೇಷ್ಟ್ರುಗಳ ಕೈಯಲ್ಲಿ ಕಲಿತ ತಲೆಮಾರು ನಮ್ಮದು. ಒಂದನೇ ಕ್ಲಾಸಿನ ಮಗುವಿಗೆ ನಾವು ಹೆಸರು ಹೇಳಿಕೊಡಬೇಕು ಅಂದರೆ ಮೊದಲು ನಮ್ಮ ಗಂಟಲು ಸರಿಯಾಗಬೇಕು.

ಈಗ ಸಮ್ಮತಿ ಅನ್ನೋ ಪದಕ್ಕೆ ಬರ್ತೀನಿ. ಇದು ಕಿವಿಗೆ ಬಿದ್ದ ಕೂಡಲೇ ಕೆಲವರಿಗೆ ಸಿಟ್ಟು ಬರುತ್ತೆ. "ಐದು ವರ್ಷದ ಮಗುವಿಗೆ ಸಮ್ಮತಿ ಪಾಠವಾ? ಇದೆಲ್ಲ ಅಮೆರಿಕದವರ ಕತೆ" ಅಂತ ಒಬ್ಬ ಹಿರಿಯರು ನೇರಪ್ರಸಾರದಲ್ಲೇ ನನಗೆ ಗದರಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಐದು ವರ್ಷದ ಮಗುವಿಗೆ ಇದರಲ್ಲಿ ಲೈಂಗಿಕತೆಯ ಮಾತೇ ಇಲ್ಲ. ಪಕ್ಕದ ಬೆಂಚಿನವನ ಜುಟ್ಟು ಎಳೆಯೋ ಮುಂಚೆ ಯೋಚಿಸು. ಗೆಳತಿಯನ್ನ ತಬ್ಬಿಕೊಳ್ಳೋ ಮುಂಚೆ ಕೇಳು. ಕಚಗುಳಿ ಇಟ್ಟಾಗ ಅವನು ನಗ್ತಾ ಇದ್ದರೂ "ಸಾಕು" ಅಂದರೆ ಕೈ ತೆಗಿ. ಬಾತ್‌ರೂಮಿನ ಬಾಗಿಲು ಹಾಕಿದ್ದರೆ ತಟ್ಟು. ಇಷ್ಟೇ. ನಮ್ಮ ಅಜ್ಜಿಯರ ಭಾಷೆಯಲ್ಲಿ ಇದಕ್ಕೆ ಮರ್ಯಾದೆ ಅಂತಿದ್ದರು. ದೊಡ್ಡವರಿಗೆ ಮಾತ್ರ ಸಲ್ಲುತ್ತಿದ್ದ ಮರ್ಯಾದೆಯನ್ನ ಚಿಕ್ಕವರ ಮೈಗೂ ಕೊಡಿ ಅಂತ ಈ ಪಾಠ ಹೇಳುತ್ತೆ.

ತೊಂದರೆ ಬರೋದು ಇಲ್ಲಿಯೇ. ಯಾಕಂದರೆ ಕ್ಲಾಸಲ್ಲಿ ಟೀಚರ್ "ನಿನ್ನ ಮೈ ನಿನ್ನದು, ಬೇಡ ಅನ್ನಿಸಿದರೆ ಬೇಡ ಅನ್ನು" ಅಂತ ಹೇಳಿಕೊಟ್ಟಿರ್ತಾರೆ. ಸಂಜೆ ಮನೆಗೆ ಯಾರೋ ಬಂದಿರ್ತಾರೆ. "ಮಾಮಂಗೆ ಒಂದು ಮುತ್ತು ಕೊಡು ಪುಟ್ಟಿ. ಕೊಡಲ್ವಾ? ಛೆ, ಬೇಜಾರ್ ಮಾಡ್ಕೋತಾರೆ ಮಾಮ. ಕೊಡು ಕೊಡು." ಮಗು ಹಿಂದೆ ಹಿಂದೆ ಸರಿಯುತ್ತೆ, ಅಮ್ಮನ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತೆ. ನಾವೇ ಎಳೆದು ತಂದು ಕೂರಿಸ್ತೀವಿ. ಮದುವೆ ಮನೆಗಳಲ್ಲಂತೂ ಕೆನ್ನೆ ಹಿಂಡಿಸಿಕೊಂಡು ಕೆಂಪಾಗದ ಮಗು ಇಲ್ಲ. ಆ ಮಾಮ ತೀರಾ ಒಳ್ಳೆಯವರೇ ಇರಬಹುದು, ನೂರಕ್ಕೆ ತೊಂಬತ್ತೊಂಬತ್ತು ಪಾಲು ಇರ್ತಾರೆ. ಆದರೆ ಮಗು ಕಲಿತದ್ದು ಏನು? ದೊಡ್ಡವರು ಬೇಜಾರಾಗ್ತಾರೆ ಅಂದರೆ ನನ್ನ ಬೇಡ ಅನ್ನೋದಕ್ಕೆ ಬೆಲೆ ಇಲ್ಲ ಅಂತ.

ಒಂದು ಸರ್ಕಾರಿ ಶಾಲೆಯ ಟೀಚರ್ ನನಗೆ ಹೇಳಿದ ಮಾತು. ಪಾಠ ಮುಗಿದಮೇಲೆ ಒಂದನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಿದಳಂತೆ: "ಮಿಸ್, ನಮ್ಮಜ್ಜಿಗೂ ಬೇಡ ಅನ್ಬಹುದಾ? ಅಜ್ಜಿ ಎಲೆ ಅಡಿಕೆ ಹಾಕ್ಕೊಂಡು ಮುತ್ತು ಕೊಡ್ತಾಳೆ." ಕ್ಲಾಸೆಲ್ಲ ನಕ್ಕಿತು. ಟೀಚರ್ ನಗಲಿಲ್ಲ. "ಅನ್ಬಹುದು. ಬೇಡಜ್ಜಿ ಅನ್ನು, ಕೈ ಹಿಡ್ಕೊಂಡು ಪಕ್ಕದಲ್ಲಿ ಕೂತ್ಕೋ" ಅಂದರಂತೆ. ಈ ಟೀಚರಮ್ಮನಿಗೆ ನನ್ನ ನಮಸ್ಕಾರ. ಅಜ್ಜಿಯ ಪ್ರೀತಿಗೂ ಕೊರತೆ ಆಗಲಿಲ್ಲ, ಮಗುವಿನ ಮಾತಿಗೂ ಬೆಲೆ ಬಂತು.

ಸಮ್ಮತಿ ಪಾಠದಲ್ಲಿ ಒಂದು ಅಪಾಯವೂ ಇದೆ, ಅದನ್ನ ಮುಚ್ಚಿಡಬಾರದು. ಬೇಡ ಅನ್ನು, ಕೂಗು, ಓಡು ಅಂತ ಬಾಯಿಪಾಠ ಮಾಡಿಸಿದ ಮಗುವಿಗೆ ನಿಜವಾಗಿ ಆ ಗಳಿಗೆ ಬಂದಾಗ ಬಾಯಿ ಬರದೇ ಹೋಗಬಹುದು. ಹೆದರಿಕೆಗೆ ಮೈ ಮರಗಟ್ಟುತ್ತೆ. ದೊಡ್ಡವರಿಗೇ ಹಾಗಾಗುತ್ತೆ. ಆಮೇಲೆ ಆ ಮಗು ಯೋಚಿಸೋದು, ಮಿಸ್ ಹೇಳಿದ್ದರು, ನಾನು ಬೇಡ ಅನ್ನಲಿಲ್ಲ, ತಪ್ಪು ನನ್ನದೇ. ಹಾಗಾಗಿ ಪಾಠದಲ್ಲಿ ಈ ವಾಕ್ಯ ಇರಲೇಬೇಕು: ನೀನು ಬೇಡ ಅಂದಿರು, ಅನ್ನದೇ ಇರು, ಚಾಕೊಲೇಟ್ ತಗೊಂಡಿರು, ಗುಟ್ಟು ಇಟ್ಟುಕೊಂಡಿರು, ತಪ್ಪು ನಿನ್ನದಲ್ಲ. ನಿನ್ನೆ ಹೇಳಲಿಲ್ಲ ಅಂದರೆ ಇವತ್ತು ಹೇಳಬಹುದು. ಕಾನೂನೂ ಹಾಗೇ ಹೇಳುತ್ತೆ. 2012ರ ಪೋಕ್ಸೋ ಕಾಯ್ದೆ, ಅದೇ ವರ್ಷ ನವೆಂಬರ್ 14ರ ಮಕ್ಕಳ ದಿನದಂದು ಜಾರಿಗೆ ಬಂದದ್ದು, 18 ವರ್ಷದೊಳಗಿನವರೆಲ್ಲರನ್ನೂ ಮಗು ಅಂತಲೇ ಪರಿಗಣಿಸುತ್ತೆ. ಮಗು ಒಪ್ಪಿತ್ತು ಅನ್ನೋ ಮಾತಿಗೆ ಅಲ್ಲಿ ಜಾಗ ಇಲ್ಲ.

ಹುಡುಗರ ಬಗ್ಗೆಯೂ ಒಂದು ಮಾತು. ಈ ಕ್ಲಾಸ್ ಅಂದರೆ ಹುಡುಗಿಯರನ್ನ ಒಂದು ಕೋಣೆಗೆ ಕರೆದು, ಹುಡುಗರನ್ನ ಆಟಕ್ಕೆ ಬಿಡೋ ಶಾಲೆಗಳಿವೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಮಾತಾಡಿಸಿದ್ದರು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದವರು ಶೇ. 53. ಆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು! ಪೋಕ್ಸೋ ಕಾಯ್ದೆ ಗಂಡು ಹೆಣ್ಣು ಅಂತ ಭೇದ ಮಾಡಿಲ್ಲ. ಭೇದ ಮಾಡೋದು ನಾವು. "ಗಂಡಸಾಗಿ ಅಳ್ತೀಯಾ" ಅಂತ ನಾಲ್ಕು ವರ್ಷದವನಿಗೆ ಹೇಳೋದು ನಾವೇ. ಅವನು ಯಾರ ಹತ್ತಿರ ಹೋಗಿ ಹೇಳಬೇಕು?

"ಇದನ್ನೆಲ್ಲ ಹೇಳಿದರೆ ಮಕ್ಕಳ ಮುಗ್ಧತೆ ಹಾಳಾಗುತ್ತೆ, ಎಲ್ಲರನ್ನೂ ಅನುಮಾನದಿಂದ ನೋಡ್ತಾರೆ" ಅನ್ನೋ ಆಕ್ಷೇಪ ಹಳೆಯದು. 2007ರ ಸುಮಾರಿಗೆ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನ ನಮ್ಮ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡ ಅಂತ ಬದಿಗಿಟ್ಟದ್ದು ಇಂಥದ್ದೇ ಕಾರಣಕ್ಕೆ. ಆಕ್ಷೇಪವನ್ನ ತಳ್ಳಿಹಾಕೋ ಬದಲು ಪರೀಕ್ಷೆ ಮಾಡಿದವರು ಏನು ಕಂಡರು ನೋಡೋಣ. ವೈದ್ಯಕೀಯ ಮತ್ತಿತರ ಅಧ್ಯಯನಗಳನ್ನ ಒಟ್ಟುಗೂಡಿಸಿ ತೂಗಿನೋಡೋ ಕೊಕ್ರೇನ್ ಸಂಸ್ಥೆ 2015ರಲ್ಲಿ, ಬೇರೆಬೇರೆ ದೇಶಗಳ ಶಾಲೆಗಳಲ್ಲಿ ಇಂಥ ಪಾಠದ ಮೇಲೆ ನಡೆದ 24 ಅಧ್ಯಯನಗಳನ್ನ ಒಟ್ಟಿಗೆ ನೋಡಿತು. ಮಕ್ಕಳ ತಿಳಿವಳಿಕೆ ಹೆಚ್ಚಿತ್ತು, ತಮ್ಮನ್ನ ಕಾಪಾಡಿಕೊಳ್ಳೋ ನಡವಳಿಕೆಯೂ ಕಲಿತಿದ್ದರು. ಆತಂಕ, ಭಯ ಹೆಚ್ಚಾದದ್ದು ಕಂಡುಬರಲಿಲ್ಲ. ಆದರೆ ಇದರಿಂದ ದೌರ್ಜನ್ಯವೇ ಕಡಿಮೆ ಆಯ್ತು ಅಂತ ಹೇಳೋಕೆ ಆ ಅಧ್ಯಯನಗಳಲ್ಲಿ ಪುರಾವೆ ಸಿಗಲಿಲ್ಲ. ಈ ಕೊನೆಯ ವಾಕ್ಯವನ್ನ ನಾವು ನುಂಗಬಾರದು. ಪಾಠ ಮಗುವಿಗೆ ಮಾತು ಕೊಡುತ್ತೆ. ದೌರ್ಜನ್ಯ ನಿಲ್ಲಿಸೋ ಕೆಲಸ ದೊಡ್ಡವರದ್ದಾಗಿಯೇ ಉಳಿಯುತ್ತೆ.

ಟಿವಿಯವನಾಗಿ ಒಂದು ನೆನಪು ಹೇಳಲೇಬೇಕು. 2012ರ ಮೇ ತಿಂಗಳಲ್ಲಿ ಆಮಿರ್ ಖಾನ್ 'ಸತ್ಯಮೇವ ಜಯತೇ' ಕಾರ್ಯಕ್ರಮದ ಎರಡನೇ ಕಂತನ್ನ ಇದೇ ವಿಷಯಕ್ಕೆ ಮೀಸಲಿಟ್ಟು, ಕೊನೆಯಲ್ಲಿ ಪುಟ್ಟ ಮಕ್ಕಳನ್ನ ಕೂರಿಸಿಕೊಂಡು ನಗ್ತಾ ನಗಿಸ್ತಾ ಪಾಠ ಮಾಡಿದರು. ಅದೇ ತಿಂಗಳು ಪೋಕ್ಸೋ ಮಸೂದೆ ಸಂಸತ್ತಿನಲ್ಲಿ ಪಾಸಾಯ್ತು. ಆ ಕಾರ್ಯಕ್ರಮ ತಮಿಳಿಗೆ, ತೆಲುಗಿಗೆ, ಮಲಯಾಳಕ್ಕೆ ಹೋಯ್ತು. ಕನ್ನಡಕ್ಕೆ ಬರಲಿಲ್ಲ, ಆಗ ನಮ್ಮಲ್ಲಿ ಡಬ್ಬಿಂಗ್ ವಿರೋಧ ಜೋರಾಗಿತ್ತು. ಡಬ್ಬಿಂಗ್ ಸರಿಯೋ ತಪ್ಪೋ ಅನ್ನೋದು ಬೇರೆ ಮಾತು. ನಮ್ಮ ಹಳ್ಳಿಯ ತಾಯಂದಿರಿಗೆ ಆ ಒಂದು ಗಂಟೆ ಅವರ ಭಾಷೆಯಲ್ಲಿ ಸಿಗಲಿಲ್ಲವಲ್ಲ ಅನ್ನೋದು ನನಗೆ ಈಗಲೂ ಚುಚ್ಚುತ್ತೆ. ಚೈಲ್ಡ್‌ಲೈನ್ ಸಂಸ್ಥೆ ಮಾಡಿದ 'ಕೋಮಲ್' ಅನ್ನೋ ಪುಟ್ಟ ಆ್ಯನಿಮೇಷನ್ ಚಿತ್ರವಿದೆ. ಅದರಲ್ಲಿ ಬರೋ ಅಂಕಲ್ ಕೂಡ ಅಪರಿಚಿತನಲ್ಲ, ಪಕ್ಕದ ಮನೆಯವನು. ಮಕ್ಕಳ ಜೊತೆ ಕೂತು ನೋಡಿ.

ಹಾಗಾದರೆ ದೊಡ್ಡವರ ಪಾಠ ಏನು? ಮಗು ಬಾಯಿಬಿಟ್ಟ ಮೊದಲ ಒಂದು ನಿಮಿಷದಲ್ಲಿ ನೀವು ಏನು ಮಾಡ್ತೀರಿ ಅನ್ನೋದು. ಮಗು ಪೂರ್ತಿ ಕತೆ ಹೇಳೋದಿಲ್ಲ. "ನಾನು ಟ್ಯೂಷನ್‌ಗೆ ಹೋಗಲ್ಲ" ಅನ್ನುತ್ತೆ. "ಆ ವ್ಯಾನ್ ಬೇಡ" ಅನ್ನುತ್ತೆ. ಹೊಟ್ಟೆನೋವು ಅನ್ನುತ್ತೆ. ನಿಮ್ಮ ಮುಖ ನೋಡ್ತಾ ಇರುತ್ತೆ, ಮುಂದೆ ಹೇಳಬಹುದಾ ಇಲ್ಲವಾ ಅಂತ. ಅಲ್ಲಿ "ನಾಟಕ ಮಾಡಬೇಡ" ಅಂದಿರೋ, ಬಾಗಿಲು ಮುಚ್ಚಿತು. "ಅಯ್ಯೋ ದೇವರೇ!" ಅಂತ ಎದೆ ಬಡಿದುಕೊಂಡರೂ ಮುಚ್ಚಿತು, ಯಾಕಂದರೆ ಅಮ್ಮ ಅಳೋ ಹಾಗೆ ಮಾಡಿಬಿಟ್ಟೆ ಅಂತ ಮಗು ಬಾಯಿ ಹೊಲಿದುಕೊಳ್ಳುತ್ತೆ. ಕೂತು, ಮೆತ್ತಗೆ, "ಹೇಳಿದ್ದು ಒಳ್ಳೇದಾಯ್ತು ಪುಟ್ಟ. ನಾನು ನಂಬ್ತೀನಿ. ನಿಂದೇನೂ ತಪ್ಪಿಲ್ಲ" ಅನ್ನಿ. ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬೇಡಿ. "ಅವನು ಹೀಗೆ ಮಾಡಿದನಾ, ಹಾಗೆ ಮಾಡಿದನಾ" ಅಂತ ಬಾಯಿಗೆ ಮಾತು ತುರುಕಬೇಡಿ. ಮಗು ಹೇಳಿದ್ದನ್ನ ಹೇಳಿದ ಮಾತಲ್ಲೇ ಬರೆದಿಟ್ಟುಕೊಳ್ಳಿ.

ಮುಂದಿನದು ಶಾಲೆಯವರಿಗೆ. ವಿಷಯ ಕಿವಿಗೆ ಬಿದ್ದಮೇಲೆ "ಆಡಳಿತ ಮಂಡಳಿಯಲ್ಲಿ ಮಾತಾಡ್ತೀವಿ", "ಆಂತರಿಕ ತನಿಖೆ ಮಾಡ್ತೀವಿ", "ನಮ್ಮ ಶಾಲೆ ಹೆಸರು..." ಅನ್ನೋ ಹಾಗೇ ಇಲ್ಲ. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಖಚಿತ ಮಾಡಿಕೊಳ್ಳೋ ಕೆಲಸ ನಿಮ್ಮದಲ್ಲ, ಪೊಲೀಸರದ್ದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕೋಕೆ ಬರೋದಿಲ್ಲ. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನು ಮಾಡಿದ್ದನ್ನ ಮುಚ್ಚಿಟ್ಟರೆ ಒಂದು ವರ್ಷದವರೆಗೆ, ಜೊತೆಗೆ ದಂಡ. ಮಹಾರಾಷ್ಟ್ರದ ಒಂದು ಶಾಲಾ ಹಾಸ್ಟೆಲ್ಲಿನ ಹುಡುಗಿಯರ ಪ್ರಕರಣದಲ್ಲಿ, ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಅನ್ನೋ ಆರೋಪ ಹೊತ್ತ ವೈದ್ಯರ ಮೇಲಿನ ಕೇಸನ್ನ ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನ ತಳ್ಳಿಹಾಕಿ, ತಿಳಿಸದೇ ಇರೋದು ಗಂಭೀರ ಅಪರಾಧ ಅಂತ ಹೇಳಿತು.

ಪೊಲೀಸ್ ಅಂದರೆ ತಂದೆ ತಾಯಿಗೆ ಹೆದರಿಕೆ, ಅರ್ಥ ಆಗುತ್ತೆ. ಹಾಗಾಗಿ ಇದೂ ಗೊತ್ತಿರಲಿ. ಮಗುವಿನ ಹೇಳಿಕೆಯನ್ನ ಮನೆಯಲ್ಲೋ ಮಗುವಿಗೆ ಬೇಕಾದ ಜಾಗದಲ್ಲೋ ತಗೋಬೇಕು. ಅಧಿಕಾರಿ ಯೂನಿಫಾರ್ಮ್ ಹಾಕಿರಬಾರದು, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಇರಬೇಕು. ಅಪ್ಪ ಅಮ್ಮ ಅಥವಾ ಮಗು ನಂಬೋ ಯಾರಾದರೂ ಜೊತೆಗಿರಬೇಕು. ರಾತ್ರಿ ಹೊತ್ತು ಮಗುವನ್ನ ಠಾಣೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆ ಮಹಿಳಾ ಡಾಕ್ಟರೇ ಮಾಡಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಕೋರ್ಟಿನಲ್ಲಿ ಆರೋಪಿಯ ಮುಖ ಮಗುವಿಗೆ ಕಾಣದ ಹಾಗೆ ನೋಡಿಕೊಳ್ಳಬೇಕು. ಇದೆಲ್ಲ ನಿಮ್ಮ ಹಕ್ಕು, ಯಾರೂ ಮಾಡೋ ಉಪಕಾರ ಅಲ್ಲ. ನಡೆಯದಿದ್ದರೆ ಕೇಳಿ.

2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ದೌರ್ಜನ್ಯ ನಡೆದ ದೂರು ಬಂದಾಗ ಸಾವಿರಾರು ಪೋಷಕರು ಬೀದಿಗಿಳಿದಿದ್ದರು. ಅವತ್ತಿನಿಂದ ಶಾಲೆಗಳ ಗೋಡೆ ಮೇಲೆ ಕ್ಯಾಮೆರಾಗಳು ಹೆಚ್ಚಿದವು. ಕ್ಯಾಮೆರಾ ಇರಲಿ. ಆದರೆ 2020ರ ಪೋಕ್ಸೋ ನಿಯಮಗಳು ಇನ್ನೂ ಎರಡು ಮಾತು ಹೇಳ್ತವೆ. ಮಕ್ಕಳ ವಯಸ್ಸಿಗೆ ತಕ್ಕ ಪಾಠವನ್ನ ಸರ್ಕಾರ ತಯಾರು ಮಾಡಬೇಕು. ಮಕ್ಕಳ ಜೊತೆ ಒಡನಾಟ ಇರೋ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನ ಸಂಸ್ಥೆ ಆಗಾಗ ಮಾಡಿಸಬೇಕು. ಒಂದು ಸಲ ಸೇರಿಸಿಕೊಳ್ಳೋವಾಗ ಮಾತ್ರ ಅಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕಾರ್ಡಿನ ಬಗ್ಗೆ ಕೇಳಿದಮೇಲೆ ಇದನ್ನೂ ಕೇಳಿ: ಡ್ರೈವರ್, ಆಯಾ, ಅಟೆಂಡರ್, ಡ್ಯಾನ್ಸ್ ಮಾಸ್ಟರ್, ಇವರೆಲ್ಲರ ಪರಿಶೀಲನೆ ಯಾವಾಗ ಆಯ್ತು? ಹಳ್ಳಿಯ ಸರ್ಕಾರಿ ಶಾಲೆಯಾದರೆ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಇದೆಯಲ್ಲ, ಅಲ್ಲಿ ಮಕ್ಕಳು ಎದ್ದು ನಿಂತು "ನಮ್ಮ ಶೌಚಾಲಯಕ್ಕೆ ಚಿಲಕ ಇಲ್ಲ" ಅಂದರೆ, ಅದನ್ನ ರಿಪೇರಿ ಪಟ್ಟಿಗೆ ಸೇರಿಸಿ ಮರೆಯಬೇಡಿ. ಆ ಚಿಲಕವೂ ಈ ಪಾಠದ ಭಾಗವೇ.

ಕೊನೆಗೆ ನಮ್ಮದೇ ಮನೆಯ ವಿಷಯ. ಇಂಥ ಸುದ್ದಿ ಬಂದಾಗ "ಯಾವ ಶಾಲೆ ಸಾರ್, ಯಾವ ಏರಿಯಾ, ಯಾರ ಮಗು?" ಅಂತ ಕೇಳೋರು ಬಹಳ. ಪೋಕ್ಸೋ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು, ಫೋಟೋ, ವಿಳಾಸ, ಮನೆಯವರ ವಿವರ, ಶಾಲೆ, ಬಡಾವಣೆ ಯಾವುದನ್ನೂ ಮಾಧ್ಯಮ ಹೊರಗೆಡಹುವಂತಿಲ್ಲ. ಮುಖಕ್ಕೆ ಮಸುಕು ಹಾಕಿ ಮನೆಯ ಗೇಟು ತೋರಿಸಿದರೂ ಅದು ಅಪರಾಧವೇ, ಕನಿಷ್ಠ ಆರು ತಿಂಗಳು, ಗರಿಷ್ಠ ಒಂದು ವರ್ಷದ ಜೈಲಿಗೆ ದಾರಿ. ವಾಟ್ಸಾಪ್‌ನಲ್ಲಿ ಫೋಟೋ ಹಂಚೋರೂ ಕಾನೂನಿನ ಆಚೆ ಇಲ್ಲ.

ಹಾಗೇ, ನಿಮ್ಮ ಮಗುವೋ ಪಕ್ಕದ ಮನೆ ಮಗುವೋ ಏನಾದರೂ ಹೇಳಿತು ಅಂದರೆ ಮೊದಲು ನಮ್ಮ ಚಾನೆಲ್‌ಗೆ ಫೋನ್ ಮಾಡಬೇಡಿ. 1098ಕ್ಕೆ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಇಲ್ಲ. ಮಗುವೇ ನೇರವಾಗಿ ಮಾಡಬಹುದು, ಹಾಗಾಗಿ ಆ ನಾಲ್ಕು ಅಂಕಿಯನ್ನ ಮನೆ ನಂಬರಿನ ಜೊತೆ ಬಾಯಿಪಾಠ ಮಾಡಿಸಿ.